ಬುಗ್ಗೆಯ ಮೆಟ್ಟಿಲ ಮೇಲಿನ ಬಟ್ಟೆ

“ಗುರುಗಳೇ, ಮಂಡಿನೋವಿನ ಕುಂಬಾರನೊಬ್ಬ ನನ್ನ ಕಷಾಯವನ್ನೂ ಕುಡಿಯುತ್ತಾನೆ, ಬೆಟ್ಟದ ಬುಡದ ಬಿಸಿನೀರಿನ ಬುಗ್ಗೆಯಲ್ಲೂ ಮೀಯುತ್ತಾನೆ. ನೋವು ವಾಸಿಯಾದರೆ ಹೆಸರು ನನಗೆ ಬರುತ್ತದೋ, ಆ ನೀರಿಗೋ?” ಎಂದು ಅಡವೀಶ ಕೇಳಿದ. ಅವನು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ. ಬುಗ್ಗೆಗೆ ಹೋಗಕೂಡದೆಂದು ಕುಂಬಾರನಿಗೆ ಅಪ್ಪಣೆಯನ್ನೂ ಕೊಟ್ಟು ಬಂದಿದ್ದ.

ಗುರು ನಕ್ಕರು. “ಓಹೋ, ನೀರಿನ ಮೇಲೂ ಹೊಟ್ಟೆಕಿಚ್ಚೇ? ಕೂತುಕೋ ಮಾರಾಯ, ಕೇಳು” ಎಂದು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನ ಬೆರಳುಗಳು ಸೆಟೆದುಕೊಂಡವು. ಕಡಿದ ಎಳೆಗೆ ಗಂಟು ಹಾಕಲಾಗದೆ ಮಗ್ಗ ನಿಂತಿತು. ಗಂಟು ಹಾಕಲಾಗದವನು ನೇಕಾರನೇ ಅಲ್ಲ ಎಂದು ಅವನು ಅತ್ತ. ಊರಿನ ವೈದ್ಯ ಎಣ್ಣೆ ತಿಕ್ಕಿದ, ಕಷಾಯ ಕೊಟ್ಟ. ನೋವು ತಗ್ಗಿತು, ಬೆರಳು ಮಾತ್ರ ಮಡಚಲು ಬರಲಿಲ್ಲ. ಆಗ ವೈದ್ಯ ತಾನೇ ಅವನನ್ನು ಬುಗ್ಗೆಗೆ ಕರೆದುಕೊಂಡು ಹೋದ. ಮೊಣಕೈ ಅದ್ದಿ ನೀರಿನ ಕಾವು ನೋಡಿದ. ಜ್ವರ ಬಂದ ದಿನ ಇಳಿಯಬೇಡ, ಮಿಂದ ಮೇಲೆ ಎಣ್ಣೆ ತಿಕ್ಕುವುದನ್ನು ಬಿಡಬೇಡ ಎಂದು ಹೇಳಿದ. ಎಂಥ ವೈದ್ಯನಪ್ಪಾ ಅವನು! ತನ್ನ ಕೈಲಾಗದ್ದನ್ನು ನೀರಿನ ಕೈಗೆ ಕೊಡಲು ಅವನು ನಾಚಲಿಲ್ಲ.

ಬರಬರುತ್ತಾ ಬೆರಳು ಸಡಿಲವಾಯಿತು, ಮಗ್ಗ ಮತ್ತೆ ಆಡಿತು. ವಾಸಿಯಾದವರು ತಮ್ಮ ಕೈಕೆಲಸದ ವಸ್ತುವೊಂದನ್ನು ಬುಗ್ಗೆಯ ಮೆಟ್ಟಿಲ ಮೇಲೆ ಇಟ್ಟು ಬರುವುದು ಆ ಊರಿನ ಪದ್ಧತಿ. ನೇಕಾರ ಹೊಸದಾಗಿ ನೇಯ್ದ ಮೊದಲ ಬಟ್ಟೆಯನ್ನು ಅಲ್ಲಿಟ್ಟ. ಗಂಗಮ್ಮನೇ ಕಾಪಾಡಿದಳೆಂದು ಊರೆಲ್ಲ ಹೇಳಿಕೊಂಡು ಬಂದ. ವೈದ್ಯನ ಹೆಸರನ್ನು ಅವನು ಎತ್ತಲೇ ಇಲ್ಲ.

ವೈದ್ಯನ ಹೆಂಡತಿಗೆ ಸಂಕಟವಾಯಿತು. ಎಣ್ಣೆ ತಿಕ್ಕಿದವರು ನೀವು, ಬಟ್ಟೆ ಮಾತ್ರ ನೀರಿಗೆ ಎಂದು ಗೊಣಗಿದಳು. ವೈದ್ಯ ಕೂಡಲೇ ಎದ್ದು ಬುಗ್ಗೆಗೆ ಹೊರಟ. ಜಗಳ ಮಾಡಿಬಿಟ್ಟಾರೆಂದು ಹೆದರಿ ಅವಳೂ ಹಿಂದೆ ಓಡಿದಳು. ವೈದ್ಯ ಬಟ್ಟೆ ಬಿಡಿಸಿ, ಅಂಚಿನಿಂದ ಅಂಚಿಗೆ ಬೆರಳಾಡಿಸುತ್ತಾ ಏನನ್ನೋ ಹುಡುಕಿದ. ಒಂದು ಕಡೆ ಬೆರಳು ನಿಂತಿತು. ಅವನ ಕಣ್ಣು ತುಂಬಿ ಬಂತು.

“ಇಲ್ಲಿ ಮುಟ್ಟಿ ನೋಡೇ, ಎಳೆ ಕಡಿದಿತ್ತು. ಎಷ್ಟು ಸಣ್ಣ ಗಂಟು ಹಾಕಿದ್ದಾನೆ!”

ಆಮೇಲೆ ಬಟ್ಟೆಯನ್ನು ಮಡಚಿ, ಇದ್ದಲ್ಲೇ ಇಟ್ಟು ಮನೆಗೆ ಬಂದ.

ಗುರು ಕತೆ ನಿಲ್ಲಿಸಿದರು. ಹಾಗಾದರೆ ಹೆಸರು ಯಾರಿಗೆ ಬಂತು ಎಂದು ಅಡವೀಶ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು:

“ಅದಿರಲಿ, ನಿನ್ನ ಕುಂಬಾರ ಇವತ್ತು ತಿಗರಿ ತಿರುಗಿಸಲು ಕೂತನೇನಪ್ಪಾ?”

ಅಡವೀಶ ಅದನ್ನು ವಿಚಾರಿಸಿಯೇ ಇರಲಿಲ್ಲ.