ಬಾರದ ಮಾಸ್ತಿಯ ದಿಣ್ಣೆ

ಕಡಸೂರಿನಿಂದ ಕಣಿವೆಯ ಕಡೆಗೆ ಹೋಗುವ ದಾರಿಯಲ್ಲಿ, ಕೆರೆಯ ಕೋಡಿ ದಾಟಿದ ಮೇಲೆ, ಒಂದು ದಿಣ್ಣೆ ಸಿಗುತ್ತದೆ. ಅದರ ಮೇಲೆ ಸಾಲಾಗಿ ಮಾಸ್ತಿಕಲ್ಲುಗಳು ನಿಂತಿವೆ. ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನೆಟ್ಟ ಕಲ್ಲುಗಳು ಅವು. ಪ್ರತಿಯೊಂದರಲ್ಲೂ ಬಳೆ ತೊಟ್ಟ ಬಲಗೈ ಊರನ್ನು ಹರಸುವಂತೆ ಮೇಲೆದ್ದಿದೆ. ಸಾಲಿನಿಂದ ಸರಿದು ನಿಂತ ಕಲ್ಲೊಂದರಲ್ಲಿ ಮಾತ್ರ ಇರುವುದು ಎಡಗೈ. ಅದು ಊರಿಗೆ ಬೆನ್ನು ಹಾಕಿ ಕಣಿವೆಯತ್ತ ಮುಖ ಮಾಡಿದೆ. ಉಳಿದವಕ್ಕೆ ಅರಿಸಿನ ಕುಂಕುಮ ಹಚ್ಚುವವರು ಇದರ ಹತ್ತಿರ ಬಂದಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ದಿಣ್ಣೆಗೆ ಹೆಸರು ಬಂದದ್ದು ಈ ಕಲ್ಲಿನಿಂದಲೇ. ಅದರ ಕಥೆಯನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಇಲ್ಲಿರುವುದು ಅವುಗಳಲ್ಲೆಲ್ಲ ನಿಜವಾದದ್ದು, ಏಕೆಂದರೆ ಎಲ್ಲಕ್ಕಿಂತ ನಂಬಲಾಗದ್ದು ಇದೇ.

ಹಿಂದೆ ಕಡಸೂರಿನ ಸಿರಿಯೆಲ್ಲ ದನಗಳಲ್ಲಿತ್ತು. ಹಿಂಡಿನ ತಲೆ ಕೆರೆಯಲ್ಲಿ ನೀರು ಕುಡಿಯುವಾಗ ಬಾಲ ಇನ್ನೂ ದೊಡ್ಡಿಯಲ್ಲೇ ನಿದ್ದೆ ಮಾಡುತ್ತಿತ್ತಂತೆ. ಅದನ್ನು ಕಾಯುವ ಪಡೆಗೆ ತುರುಗಾವಲು ಎಂದು ಹೆಸರು. ಬೀರಗನೆಂಬವನು ಅದರ ನಾಯಕ. ಅವನ ಹೆಂಡತಿ ಕೇತವ್ವೆಗೆ ಚಿಕ್ಕಂದಿನಿಂದ ಒಂದೇ ಆಸೆ, ಅದನ್ನು ಕೇಳಿ ನಗದವರಿಲ್ಲ. ಊರ ಮುಂದಿನ ವೀರಗಲ್ಲುಗಳಲ್ಲಿ ಗಂಡಸರಿಗೆ ಮುಖವಿತ್ತು, ಮೀಸೆಯಿತ್ತು, ಕೈಯಲ್ಲಿ ಕತ್ತಿಯಿತ್ತು. ಹೆಂಗಸಿಗೆ ಇದ್ದದ್ದು ಮಾಸ್ತಿಕಲ್ಲಿನ ಬರಿಯ ತೋಳು. ತಾನೊಂದು ದಿನ ತುರುಗಾವಲಿನ ಮುಂದೆ ನಡೆಯಬೇಕು, ಸತ್ತ ಮೇಲೆ ತನ್ನ ಮುಖ ಕಲ್ಲಿನಲ್ಲಿ ಮೂಡಬೇಕು ಎಂಬುದು ಅವಳ ಹಟ. ಹೀಗಿರುವಾಗ ಹೊಳೆಯಾಚೆಯ ಕಳ್ಳರು ಹಿಂಡನ್ನೆಲ್ಲ ಹೊಡೆದುಕೊಂಡು ಹೋದರು. ತಡೆಯಲು ಹೋದ ಬೀರಗ ಹೆಣವಾಗಿ ಬಂದ. ಕೇತವ್ವೆ ಕಣ್ಣೊರೆಸಿಕೊಂಡು ಊರ ಮುಖ್ಯಸ್ಥ ಮಸಣಗಾವುಂಡನ ಮುಂದೆ ನಿಂತಳು.

"ನಾಲ್ಕು ಆಳು ಕೊಡಿ ಗೌಡರೇ. ದನ ಇನ್ನೂ ಕಣಿವೆ ದಾಟಿರೋದಿಲ್ಲ. ನನ್ನ ಕೂಗು ಕೇಳಿದರೆ ತಿರುಗಿ ಬರ್ತವೆ."

ಗಾವುಂಡ ಮರುಕದಿಂದಲೇ ನಕ್ಕ. "ನಿನ್ನ ಗಂಡನ ಕೈಲಾಗದ್ದು ನಿನ್ನ ಕೈಲಾಗುತ್ತೇನವ್ವ? ನಿನಗುಳಿದದ್ದು ಒಂದೇ ಕೆಲಸ. ಸಂಜೆಗೆ ಚಿತೆ ಸಿದ್ಧವಾಗುತ್ತೆ. ಒಳ್ಳೆ ಕಲ್ಲು ಹಾಕಿಸ್ತೀನಿ, ಬಿಡು."

"ಅದರಲ್ಲಿ ನನ್ನ ಮುಖ ಇರುತ್ತಾ?"

"ಮುಖ ಯಾರಿಗೆ ಬೇಕು? ತೋಳು ಸಾಕು."

ಮಾಸ್ತಿಯಾಗುವವಳ ತೋಳಿನ ಅಳತೆಯನ್ನು ಅವಳು ಬದುಕಿರುವಾಗಲೇ ತೆಗೆಯುವುದು ಕಡಸೂರಿನ ಪದ್ಧತಿ. ಕಲ್ಲುಕುಟಿಗ ಸಿಂಗೋಜ ದಾರ ಹಿಡಿದು ಬಂದ. ಕೇತವ್ವೆ ಎಡಗೈ ಚಾಚಿದಳು.

"ಬಲಗೈ ಕೊಡಬೇಕು ತಾಯಿ."

"ಬಲಗೈಗೆ ಕೆಲಸ ಇದೆ."

ಸಿಂಗೋಜ ಅಳುಕುತ್ತಲೇ ದಾರವನ್ನು ಆ ಎಡಗೈಗೆ ಹಿಡಿದ. "ಅಳತೆ ಕೊಟ್ಟದ್ದನ್ನ ಕಲ್ಲು ಬಿಡೋದಿಲ್ಲ. ಆಟ ಆಡಬೇಡ."

"ಕೊಟ್ಟದ್ದನ್ನ ತಗೊಳ್ಳಲಿ. ಕೊಡದ್ದನ್ನ ಕೇಳದಿದ್ದರೆ ಸಾಕು."

ಮೀಯಲೆಂದು ಕೆರೆಗಿಳಿದ ಕೇತವ್ವೆ ಆಚೆಯ ದಡದಲ್ಲಿ ಎದ್ದು, ಒದ್ದೆ ಸೀರೆಯಲ್ಲೇ ಕಣಿವೆಯ ದಾರಿ ಹಿಡಿದಳು. ಹಿಂದೆ ಡೋಲು ಬಡಿಯುತ್ತಿತ್ತು. ಮಾಸ್ತಿ ಬಾರಳು, ಮಾಸ್ತಿ ಬಾರಳು ಎಂದು ಊರು ಕೂಗಾಡಿ, ಕೊನೆಗೆ ಬೀರಗನೊಬ್ಬನನ್ನೇ ಸುಟ್ಟಿತು. ಕೂಗು ದೂರವಾದರೂ ಸಿಂಗೋಜನ ಉಳಿಯ ಸದ್ದು ಮಾತ್ರ ದೂರವಾಗಲಿಲ್ಲ. ಅವಳು ಎಷ್ಟು ನಡೆದರೂ ಅದು ಬೆನ್ನ ಹಿಂದೆಯೇ ಟಕ್ ಟಕ್ ಎನ್ನುತ್ತಿತ್ತು. ಮೊದಲು ಎಡಗೈಯ ಬೆರಳು ತಣ್ಣಗಾದವು. ಆಮೇಲೆ ಆ ಕೈಯ ಬಳೆಗಳು ಸದ್ದು ನಿಲ್ಲಿಸಿದವು. ಓಡಿದಳು; ಸದ್ದೂ ಓಡಿತು. ತೋಳು ಭಾರವಾಗಿ ಜೋತು, ತೊಡೆಗೆ ತಗುಲಿದಾಗ ಒರಳಿನ ಗುಂಡು ತಗುಲಿದಂತಾಯಿತು. ತಿರುಗಿ ಹೋಗೋಣವೆಂದು ಅವಳಿಗೆ ಒಮ್ಮೆ ಅನಿಸಿತೆನ್ನುತ್ತಾರೆ. ಆದರೆ ತಿರುಗಿದರೆ ಉಳಿದ ಮೈಯೂ ಚಿತೆಗೆ ಹೋಗುತ್ತಿತ್ತಲ್ಲ.

ಬೆಳಗಿನ ಮಂಜಿನಲ್ಲಿ ಕಳ್ಳರ ಬೀಡು ಕಂಡಿತು. ಕೇತವ್ವೆ ಕೂಗಿದಳು. ದನಗಳು ಒಮ್ಮೆಲೇ ತಲೆಯೆತ್ತಿದವು. ಕಳ್ಳರ ನಾಯಕ ಕತ್ತಿ ಬೀಸಿದ. ಅವಳು ಎಡಗೈ ಅಡ್ಡ ಹಿಡಿದಳು. ಕಿಡಿ ಹಾರಿತು, ಕತ್ತಿ ಮುರಿಯಿತು, ರಕ್ತ ಬರಲಿಲ್ಲ. ಆ ಕಳ್ಳರು ಅಲ್ಲಿಂದ ಓಡಿದವರು ಇನ್ನೂ ನಿಂತಿಲ್ಲ ಎಂದು ಕೆಲವರ ಅಂಬೋಣ.

ಮಟಮಟ ಮಧ್ಯಾಹ್ನದ ಹೊತ್ತಿಗೆ ಹಿಂಡು ದಿಣ್ಣೆಯ ಬಳಿ ಬಂತು. ಸಿಂಗೋಜ ಕೊನೆಯ ಬಳೆಯನ್ನು ಕೆತ್ತಿ ಉಳಿ ಕೆಳಗಿಟ್ಟಿದ್ದ. ಒಂದೇ ರಾತ್ರಿಯಲ್ಲಿ ಹೇಗೆ ಕೆತ್ತಿದ ಎನ್ನುವವರು ಅವನ ಉಳಿಯನ್ನು ನೋಡಿದವರಲ್ಲ. ಕೇತವ್ವೆಯ ಬಲಗೈಯಲ್ಲಿ ಕೋಲಿತ್ತು. ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಗಾಯವಿಲ್ಲ, ಹೊಳೆಗುಂಡಿನಂತೆ ನುಣ್ಣಗಿತ್ತು. ಸಿಂಗೋಜ ತಾನು ಕೆತ್ತಿದ ತೋಳನ್ನು ನೋಡಿದ. ಮಣಿಕಟ್ಟಿಗೆ ಅಡ್ಡಲಾಗಿ ಕತ್ತಿಯೇಟಿನ ಒಂದು ಕಚ್ಚು. ಅದು ಅವನ ಉಳಿ ಮಾಡಿದ್ದಲ್ಲ.

ಸುದ್ದಿ ಕೇಳಿ ಬಂದ ಗಾವುಂಡ ದನಗಳನ್ನು ಎಣಿಸತೊಡಗಿದ. "ಕಲ್ಲಿನ ಪಾಲು ಕಲ್ಲಿಗೆ ಮುಟ್ಟಿತು ಗೌಡರೇ," ಎಂದಳು ಕೇತವ್ವೆ. "ಇನ್ನು ನನ್ನ ಪಾಲು ಕೊಡಿ." ಅಂದಿನಿಂದ ಅವಳು ಸಾಯುವವರೆಗೂ ತುರುಗಾವಲು ಅವಳ ಹಿಂದೆ ನಡೆಯಿತು.

ಅವಳ ವೀರಗಲ್ಲು ಆ ಎಡಗೈಯ ಎದುರಿಗೇ ಇದೆ. ದನಗಳ ಮುಂದೆ ಕೋಲು ಹಿಡಿದ ಹೆಂಗಸು. ಮೂಗು ಸವೆದಿದ್ದರೂ ಮುಖ ಮುಖವೇ. ಎಡದೋಳನ್ನು ಮಾತ್ರ ಮೊಣಕೈಗೇ ನಿಲ್ಲಿಸಿದ್ದಾರೆ. ಬೇಸಿಗೆಯ ಮಧ್ಯಾಹ್ನ ದಿಣ್ಣೆಯ ಕಲ್ಲುಗಳೆಲ್ಲ ಕಾದ ಹೆಂಚಾಗಿರುವಾಗ ಆ ಕೈಯೊಂದು ತಣ್ಣಗಿರುತ್ತದೆ. ನೋಡಲು ಬಂದವರು ನಗುತ್ತಲೇ ಅದರ ಮಣಿಕಟ್ಟಿನ ಕಚ್ಚಿಗೆ ಬೆರಳಿಡುತ್ತಾರೆ. ಇಳಿದು ಹೋಗುವಾಗ ಮಾತ್ರ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮ ಎಡಗೈಯ ಬೆರಳುಗಳನ್ನೊಮ್ಮೆ ಮಡಚಿ ಬಿಡಿಸುತ್ತಾರೆ.