ಸಭೆಯ ಕೊಡಕ್ಕೆ ನನ್ನ ಓಲೆ

“ಕೇಳಿರಿ ನಿಡುಗೆರೆಯ ಜನರೇ! ಊರಸಭೆಯ ಕೊಡಕ್ಕೆ ತಾವೂ ಮತದ ಓಲೆ ಹಾಕಬೇಕೆಂದು ಹೆಂಗಸರು ಅರಸರನ್ನು ಬೇಡಿದ್ದಾರೆ. ಅವರಲ್ಲಿ ಒಬ್ಬಳಾದರೂ ಅರಸರ ಮೂರು ಒಗಟು ಬಿಡಿಸಿದರೆ ಎಲ್ಲರಿಗೂ ಆ ಹಕ್ಕು. ತಪ್ಪಿದವಳಿಗೆ ತಲೆದಂಡ!”

ಡಂಗುರ ಮುಗಿಯುವ ಮೊದಲೇ ನನ್ನ ಗಂಡ ಕೇತಯ್ಯ ನಕ್ಕ. “ಓಲೆ ಬೇಯಿಸೋಳೇ, ನಿನ್ನ ಕೈಲಿ ಇದು ಆಗದ ಮಾತು. ನಿನಗೆ ಅಕ್ಷರ ಕಲಿಸಿದವರು ಯಾರೇ?”

ಯಾರೂ ಕಲಿಸಿರಲಿಲ್ಲ. ಅರಮನೆಯ ಕರಣಿಕರಿಗೆ ತಾಳೆಗರಿ ಬೇಯಿಸಿ, ಒಣಗಿಸಿ, ನಯಮಾಡಿ ಕೊಡುವುದು ನನ್ನ ಕಸುಬು. ಅವರು ಬರೆದು ಕೆಡಿಸಿ ಎಸೆದ ಗರಿಗಳನ್ನು ಹೆಕ್ಕಿಕೊಂಡು ಏಳು ವರ್ಷದಲ್ಲಿ ಓದು ಕಲಿತಿದ್ದೆ. ಕೆರೆಯ ನೀರಿನಿಂದ ಹಿಡಿದು ಹೆಣ್ಣುಮಕ್ಕಳನ್ನು ಯಾವ ವಯಸ್ಸಿಗೆ ಕೊಡಬೇಕೆಂಬುದರವರೆಗೆ ಎಲ್ಲವನ್ನೂ ನಾನು ನಯಮಾಡಿದ ಓಲೆಗಳೇ ತೀರ್ಮಾನಿಸುತ್ತಿದ್ದವು. ಅವನ್ನು ಕೊಡಕ್ಕೆ ಹಾಕುವವರು ಮಾತ್ರ ಗಂಡಸರು.

ನನಗಿಂತ ಮೊದಲು ಇಬ್ಬರು ಒಗಟು ಬಿಡಿಸಲು ಹೋದರು. ಸೆಟ್ಟಿಯ ಮಗಳು ಬಾಚಲೆಯನ್ನು ಅರಸ ಎಲ್ಲರೆದುರು ಕೇಳಿದ: “ಬಾಯಿ ಇದೆ, ಮಾತಿಲ್ಲ. ಆದರೆ ಅದು ನುಂಗಿದ್ದೇ ಊರಿಗೆ ಕಟ್ಟಳೆ. ಏನದು?” ಹೆದರಿದ ಹುಡುಗಿ “ಬಾವಿ” ಎಂದಳು. ಅವಳ ತಲೆ ಹೋಯಿತು.

ಪಂಡಿತರ ಮಗಳು ಸೋವಲೆ ಅದನ್ನು ಗೆದ್ದಳು. ಅರಸ ಎರಡನೆಯದನ್ನು ಕೇಳಿದ: “ಕೊಟ್ಟರೆ ಕೊಟ್ಟವನದು ಕಡಿಮೆಯಾಗದು. ಆದರೂ ಕೊಡಲು ಉಳ್ಳವರಿಗೆ ಭಯ. ಏನದು?”

“ವಿದ್ಯೆ.”

“ನಿಮ್ಮಪ್ಪ ನಿನಗೆ ಭಯಪಟ್ಟುಕೊಂಡೇ ಕಲಿಸಿದನೇ?” ಎಂದ ಅರಸ. ಅವಳ ತಲೆಯೂ ಕೋಟೆಬಾಗಿಲಿಗೆ ಏರಿತು.

ಅದೇ ಬಾಗಿಲಲ್ಲಿ ನಾನು ಒಳಗೆ ಹೋದೆ. ಮೇಲೆ ನೋಡಲಿಲ್ಲ.

“ಮೊದಲನೆಯದು ಸಭೆಯ ಕೊಡ,” ಎಂದೆ. “ಎರಡನೆಯದು ಹಕ್ಕು. ನಾನೊಂದು ಓಲೆ ಹಾಕಿದರೆ ನನ್ನ ಗಂಡನ ಓಲೆ ಹರಿಯುವುದಿಲ್ಲ ಸ್ವಾಮಿ. ಆದರೂ ಅವನಿಗೆ ನಿದ್ದೆಯಿಲ್ಲ.”

ಸಭೆ ನಕ್ಕಿತು. ಅರಸ ನಗದೆ ಮೂರನೆಯದನ್ನು ಕೇಳಿದ:

“ತೊಟ್ಟಿಲಲ್ಲಿ ಸಿಕ್ಕಿದ್ದು, ಮದುವೆಯ ಚಪ್ಪರದಲ್ಲಿ ಕಳೆದದ್ದು. ಕಳೆದುಕೊಂಡವಳು ಹುಡುಕುವುದೂ ಇಲ್ಲ. ಏನದು?”

“ತವರು” ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ತವರನ್ನು ಹುಡುಕದ ಹೆಣ್ಣು ಎಲ್ಲಿದ್ದಾಳೆ? ಆಗ ಕರಣಿಕರು ಎಸೆದಿದ್ದ ಊರಪಟ್ಟಿಯ ಗರಿ ಕಣ್ಣಿಗೆ ಕಟ್ಟಿತು: ಇಂಥವನ ಹೆಂಡತಿ, ಇಂಥವನ ತಾಯಿ, ಇಂಥವನ ಹೆಂಡತಿ.

“ಹೆಣ್ಣಿನ ಹೆಸರು,” ಎಂದೆ.

ಅರಸ ಮಾತಿಗೆ ತಪ್ಪಲಿಲ್ಲ. ತಪ್ಪದೆಯೇ ಬಲೆ ಹಾಕಿದ. “ಹಾಗಾದರೆ ತನ್ನ ಹೆಸರು ಬರೆಸಿದವಳಷ್ಟೇ ಓಲೆ ಹಾಕಲಿ. ಇಂಥವನ ಹೆಂಡತಿ ಎಂದವಳನ್ನು ಪಟ್ಟಿಯಿಂದ ಹೊಡೆದುಹಾಕಿ.”

ಹೆಸರು ಬರೆಸಲು ಕರಣಿಕನ ಜೊತೆ ಮನೆಮನೆ ತಿರುಗಿದೆ.

“ಪರಗಂಡಸಿನ ಮುಂದೆ ಹೆಸರು ಹೇಳೋದೇನೇ, ಮಾನಗೇಡಿ!” ಎಂದರು ಹೆಂಗಸರು.

ನಮ್ಮ ಮನೆಯ ಹೊಸ್ತಿಲಲ್ಲಿ ಅತ್ತೆಯ ಕಾಲು ಹಿಡಿದೆ. “ಕೇತನ ಅವ್ವ ಅಂತ ಬರಕೊ,” ಎಂದರು.

“ಅದಲ್ಲ ಅತ್ತೆ, ನಿಮ್ಮ ಹೆಸರು?”

ತುಂಬ ಹೊತ್ತು ಯೋಚಿಸಿದರು. ಅವರಿಗೆ ನೆನಪಿರಲಿಲ್ಲ. ನಾಚಿಕೆಗೋ ಸಿಟ್ಟಿಗೋ ಬಾಗಿಲು ಹಾಕಿಕೊಂಡರು. ಆ ಬಾಗಿಲು ನನಗೆ ಮತ್ತೆ ತೆರೆಯಲಿಲ್ಲ. ತೆಗೆಯಬೇಡ ಎಂದು ಒಳಗಿನಿಂದ ಗಂಡ ಹೇಳಿದ್ದು ಕೇಳಿಸಿತು.

ಎಂಟುನೂರು ಹೆಂಗಸರಲ್ಲಿ ಪಟ್ಟಿಯಲ್ಲಿ ಉಳಿದದ್ದು ಮೂವತ್ತೊಂದು ಹೆಸರು.

ಈಗ ನನ್ನದೆಂದು ಒಂದು ಓಲೆ ಇದೆ. ಅದರ ಮೇಲೆ ಮಾಚವ್ವೆ ಎಂದು ನಾನೇ ಕೊರೆದಿದ್ದೇನೆ. ಅದಕ್ಕೆ ಬಾಚಲೆಯ ತಲೆ ಹೋಯಿತು, ಸೋವಲೆಯ ತಲೆ ಹೋಯಿತು, ನನ್ನ ಮನೆ ಹೋಯಿತು.