ಹಿಮ್ಮಡಿ ಸವೆದ ಮೆಟ್ಟು

"ಗುರುಗಳೇ, ದೇವರಿಗೆಂದು ಎತ್ತಿಟ್ಟದ್ದನ್ನು ಮನುಷ್ಯರಿಗೆ ಕೊಡಬಹುದೇ?" ಎಂದು ಶಿಷ್ಯ ಕೇಳಿದ. ಆ ಮಧ್ಯಾಹ್ನ ಹಸಿದು ಬಂದ ದಾರಿಹೋಕನೊಬ್ಬನನ್ನು, ನೈವೇದ್ಯ ಇನ್ನೂ ಆಗಿಲ್ಲವೆಂದು, ಅವನು ಮಠದ ಅಂಗಳದಿಂದ ಹಾಗೇ ಕಳಿಸಿದ್ದ. ಮಾಡಿದ್ದು ಸರಿಯೆಂದು ಗುರುವಿನ ಬಾಯಿಂದಲೇ ಕೇಳಿಸಿಕೊಳ್ಳುವ ಆಸೆ ಅವನಿಗಿತ್ತು.

ಗುರು ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಕತೆ ಹೇಳಿದರು.

ಒಬ್ಬ ಸಮಗಾರನಿದ್ದ. ಗುಡ್ಡದ ಮೇಲಿನ ದೇವರಿಗೆ ವರ್ಷಕ್ಕೊಂದು ಜೊತೆ ಮೆಟ್ಟು ಹೊಲಿದುಕೊಡುವುದು ಅವನ ಮನೆತನದ ಸೇವೆ. ಆ ದೇವರು ಕಾಡುಮೇಡು ಸುತ್ತಿ ಭಕ್ತರ ಊರುಗಳನ್ನು ಕಾಯುತ್ತಾನೆ, ಹಾಗೆ ಸುತ್ತಿ ಸುತ್ತಿ ವರ್ಷಕ್ಕೊಂದು ಜೊತೆ ಮೆಟ್ಟು ಸವೆಸುತ್ತಾನೆ ಎಂದು ಜನ ನಂಬಿದ್ದರು. ಸಮಗಾರ ಒಂದು ತಿಂಗಳು ಒಪ್ಪತ್ತು ಉಂಡು, ಮೊಳದುದ್ದದ ಮೆಟ್ಟು ಹೊಲಿಯುತ್ತಿದ್ದ. ಅರಿಸಿನದ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು, ಪಾದಯಾತ್ರೆಯ ಜನರೊಂದಿಗೆ ಮೂರು ದಿನ ನಡೆದು ಗುಡಿಗೆ ಒಪ್ಪಿಸುತ್ತಿದ್ದ.

ಅದು ದೇವರು ನಡೆಯುವ ದಾರಿ, ಅಲ್ಲಿ ಮನುಷ್ಯರು ಮೆಟ್ಟು ಹಾಕಬಾರದೆಂದು ಕಟ್ಟಳೆ. ಎಲ್ಲರೂ ಬರಿಗಾಲು. ಬೆಳಿಗ್ಗೆ ಹೊರಡುವ ಮುಂಚೆ ಅವನು ಮೆಟ್ಟನ್ನು ಒಂದು ಕಲ್ಲಿನ ಮೇಲಿಡುತ್ತಿದ್ದ. ಒಬ್ಬೊಬ್ಬರೂ ಬಂದು ಅದಕ್ಕೆ ಹಣೆ ಹಚ್ಚುತ್ತಿದ್ದರು. ಹೊಲಿದವನನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅವನು ಎಲ್ಲರಿಗಿಂತ ಹಿಂದೆ ನಡೆಯಬೇಕು, ಮೇಲಿಂದ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿಯಬೇಕು. ಚರ್ಮಕ್ಕೆ ಕೈಮುಗಿಯುವುದು, ಚರ್ಮ ಹದಮಾಡಿದ ಕೈಗೆ ಹೇಸುವುದು. ನಮ್ಮ ಜನರ ನ್ಯಾಯ ಹೀಗೆ.

ಆದರೂ ಅವನಿಗೆ ಆ ಸೇವೆಯೆಂದರೆ ಜೀವ. ವರ್ಷವೆಲ್ಲ ಅವನನ್ನು ಕಂಡೂ ಕಾಣದಂತಿದ್ದ ಊರು, ಆ ಒಂದು ಸಂಜೆ ಗುಡಿಯ ಬಾಗಿಲಲ್ಲಿ ನಿಂತು ಅವನ ಅಜ್ಜನ ಹೆಸರು, ಅಪ್ಪನ ಹೆಸರು, ಅವನ ಹೆಸರು ಕೂಗಿ ಮೆಟ್ಟು ಇಸಿದುಕೊಳ್ಳುತ್ತಿತ್ತು. ಅವನ ಪಾಲಿಗೆ ಇದ್ದ ಮರ್ಯಾದೆ ಅಷ್ಟೇ.

ಅದೇ ಬಾಗಿಲಲ್ಲಿ ಪೂಜಾರಿ ಹಿಂದಿನ ವರ್ಷದ ಜೊತೆಯನ್ನು ಅವನ ಮುಂದೆ ಹಾಕುತ್ತಿದ್ದ. ದೇವರು ಸವೆಸಿದ್ದು ನೋಡು ಎನ್ನುತ್ತಿದ್ದ. ಮೆಟ್ಟು ಸವೆಯುವುದು ಹೇಗೆಂದು ಸಮಗಾರನಿಗೆ ಹೇಳಿಕೊಡಬೇಕೇ? ನಡೆದ ಮೆಟ್ಟು ಹಿಮ್ಮಡಿಯಲ್ಲಿ ಸವೆಯುತ್ತದೆ, ಹೆಬ್ಬೆರಳಿನ ಕೆಳಗೆ ಕುಳಿ ಬೀಳುತ್ತದೆ. ಇದರ ಅಡಿಯ ಅಟ್ಟೆ ಹೊಲಿದ ದಿನ ಹೇಗಿತ್ತೋ ಹಾಗೇ ಇರುತ್ತಿತ್ತು. ಅಂಚನ್ನು ಮಾತ್ರ ಇಲಿ ತಿಂದಿರುತ್ತಿತ್ತು. ಅವನ ಅಪ್ಪನಿಗೂ ಇದು ಗೊತ್ತಿತ್ತು. ಕಂಡದ್ದನ್ನು ನುಂಗಿಕೊಂಡು ಸೇವೆ ಉಳಿಸಿಕೋ ಎಂದು ಹೇಳಿಯೇ ಅಪ್ಪ ಕಣ್ಣು ಮುಚ್ಚಿದ್ದ. ಮಗ ಮೂವತ್ತು ವರ್ಷ ನುಂಗಿಕೊಂಡ.

ಒಂದು ವರ್ಷ ಯಾತ್ರೆಯ ಕೊನೆಯ ದಿನ. ಆ ದಿನದ ದಾರಿ ಪೂರ್ತಿ ಬಂಡೆ. ಬಿಸಿಲೇರಿತೆಂದರೆ ಕಾದ ಹಂಚು. ಹಿಂದೆ ನಡೆಯುವವನಿಗೆ ಮುಂದಿನವರ ಮುಖ ಕಾಣುವುದಿಲ್ಲ, ಹೆಜ್ಜೆ ಕಾಣುತ್ತವೆ. ಬೆಳಿಗ್ಗೆ ಒಂದು ಹೆಜ್ಜೆಯ ಹಿಮ್ಮಡಿಯಲ್ಲಿ ರಕ್ತದ ಚುಕ್ಕೆ ಕಂಡಿತು. ಹೊತ್ತೇರುವಷ್ಟರಲ್ಲಿ ಇಡೀ ಅಂಗಾಲು ಕೆಂಪಾಗಿ ಮೂಡತೊಡಗಿತು. ಮಧ್ಯಾಹ್ನಕ್ಕೆ ಆ ಹೆಜ್ಜೆಯೇ ನಿಂತುಹೋಯಿತು.

ಬಂಡೆಯ ಮೇಲೆ ಒಬ್ಬ ಕುಂಬಾರಗಿತ್ತಿ ಕುಳಿತಿದ್ದಳು. ವರ್ಷವಿಡೀ ಹಸಿಮಣ್ಣು ತುಳಿದು ಮೆತ್ತಗಾದ ಅವಳ ಅಂಗಾಲು ಕಾದ ಕಲ್ಲಿಗೆ ಸೀಳಿಬಿಟ್ಟಿತ್ತು. ಮಗಳ ಜ್ವರ ಇಳಿದರೆ ನಡೆದು ಬಂದು ನಿನ್ನ ಮುಖ ನೋಡುತ್ತೇನೆ ಎಂದು ಅವಳು ದೇವರಿಗೆ ಹರಕೆ ಹೊತ್ತಿದ್ದಳು. ಜ್ವರ ಇಳಿದಿತ್ತು. ಹರಕೆ ತಪ್ಪಿದರೆ ಮತ್ತೆ ಏರುತ್ತದೆಂಬ ಭಯಕ್ಕೆ ಅಳುತ್ತಿದ್ದಳು. ಜನ ದೇವರು ಶಕ್ತಿ ಕೊಡಲಿ ಎಂದು ಹೇಳಿ ದಾಟಿ ಹೋಗುತ್ತಿದ್ದರು. ಅವಳ ಅಳು ಕೇಳದಿರಲೆಂದು ಕೆಲವರು ಭಜನೆಯ ದನಿ ಏರಿಸಿದರು. ಭಕ್ತಿ ಅಂಥ ಕೆಲಸಕ್ಕೂ ಬರುತ್ತದೆ.

ಸಮಗಾರನೂ ಅವಳನ್ನು ದಾಟಿ ನಾಲ್ಕು ಹೆಜ್ಜೆ ಹೋದ. ಅಪ್ಪನ ಮಾತು ನೆನಪಾಯಿತು, ಗುಡಿಯ ಬಾಗಿಲಲ್ಲಿ ಕೂಗುವ ಹೆಸರುಗಳು ನೆನಪಾದವು. ಆದರೆ ಮೂವತ್ತು ವರ್ಷ ನುಂಗಿದ್ದನ್ನು ಇನ್ನು ನುಂಗಲಾಗಲಿಲ್ಲ. ಅವನು ತಿರುಗಿ ಬಂದು ಬುಟ್ಟಿ ಇಳಿಸಿದ. ದೇವರ ಮೆಟ್ಟು ತೆಗೆದು ಅವಳ ಕಾಲಿಗೆ ಹಿಡಿದ. ಮೆಟ್ಟು ಅವಳ ಪಾದದ ಎರಡರಷ್ಟು ದೊಡ್ಡದು. ಅರಿಸಿನದ ಬಟ್ಟೆ ಹರಿದು ಪಾದಕ್ಕೆ ಸುತ್ತಿ, ಉಳಿದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದ.

ಅವಳು ಕಾಲು ಹಿಂದೆಳೆದುಕೊಂಡಳು. "ಬ್ಯಾಡೋ ಯಣ್ಣಾ, ನನಗ ಪಾಪ ಸುತ್ತಿಕೊಂತೈತಿ."

"ಪಾಪ ಬರೂದಿದ್ರ ಹೊಲದಾಂವಗ ಬರ್ಲಿ. ನೀ ಏಳ ಯವ್ವಾ."

ಅವಳು ಎದ್ದಳು. ನಡೆದಳು. ಬಂಡೆಯ ಮೇಲೆ ಮೆಟ್ಟು ಪಟಪಟ ಸದ್ದು ಮಾಡಿತು. ಆ ದಾರಿಯಲ್ಲಿ ಯಾರೂ ಎಂದೂ ಕೇಳದ ಸದ್ದು. ಮುಂದಿದ್ದವರೆಲ್ಲ ತಿರುಗಿ ನೋಡಿದರು. ಭಜನೆ ನಿಂತಿತು. ಯಾತ್ರೆಯ ಯಜಮಾನ ಜನರನ್ನು ಸರಿಸಿಕೊಂಡು ಹಿಂದಕ್ಕೆ ಬಂದ.

"ಬಿಚ್ಚಸು. ಇಲ್ಲಾಂದ್ರ ನಿನ್ನ ಮನಿತನಕ್ಕ ಈ ಸೇವಾ ಇವತ್ತಿಗೆ ಮುಗೀತು."

ಸಮಗಾರ ಬೇರೆ ದಿನವಾಗಿದ್ದರೆ ನೆಲ ನೋಡುತ್ತಿದ್ದ. ಅಂದು ಯಜಮಾನನ ಮುಖವನ್ನೇ ನೋಡಿದ. "ಮೂವತ್ತು ವರ್ಷ ಹಳೀ ಜೋಡು ನನ್ನ ಕೈಯಾಗ ಹಿಡದೇನ್ರೀ. ಒಂದರದೂ ಹಿಮ್ಮಡ ಸವದಿಲ್ಲ. ಇಲಿ ತಿಂದಿದ್ದು ತಂದು ದೇವರು ನಡದಾನಂತ ನನಗ ಹೇಳ್ತೀರಿ. ಈ ವರ್ಷದ್ದು ಸಂಜೀಕ ತಿರುವಿ ನೋಡ್ರಿ. ಸವದಿರ್ತೈತಿ."

ಆ ಹೆಂಗಸಿನ ಕಾಲಿನಿಂದ ಮೆಟ್ಟು ಕಿತ್ತುಕೊಳ್ಳೋಣವೆಂದರೆ ಅದನ್ನು ಮುಟ್ಟಬೇಕು, ಕಟ್ಟಿದವನ ಕೈಯನ್ನೂ ಸರಿಸಬೇಕು. ಮಡಿಯಲ್ಲಿದ್ದ ಯಜಮಾನ ನಿಂತಲ್ಲೇ ನಿಂತ. ಅವರಿಬ್ಬರೂ ಅವನ ಪಕ್ಕದಲ್ಲೇ ದಾಟಿ ಮುಂದೆ ನಡೆದರು. ಸಮಗಾರ ಆ ದಾರಿಯಲ್ಲಿ ಜನರ ಮುಂದೆ ನಡೆದದ್ದು ಅದೇ ಮೊದಲು.

ಸಂಜೆ ಗುಡಿ ಮುಟ್ಟಿದರು. ಕುಂಬಾರಗಿತ್ತಿ ಮೆಟ್ಟು ಬಿಚ್ಚಿಟ್ಟು, ಹೊಸ್ತಿಲ ಹೊರಗೆ ನಿಂತು ದೇವರ ಮುಖ ನೋಡಿದಳು. ಅವಳ ಹರಕೆ ತೀರಿತು. ಸಮಗಾರ ಆ ಜೊತೆಯನ್ನು ಎಂದಿನಂತೆ ಮೆಟ್ಟಿಲ ಮೇಲಿಟ್ಟ. ದೂಳು ಹಿಡಿದಿತ್ತು, ರಕ್ತ ಹತ್ತಿತ್ತು, ಹಿಮ್ಮಡಿ ಒಂದು ಎಳೆಯಷ್ಟು ಸವೆದಿತ್ತು. ಪೂಜಾರಿ ಮುಖ ತಿರುಗಿಸಿದ. ಯಜಮಾನ ಎಲ್ಲರಿಗೂ ಕೇಳುವಂತೆ, ಈ ಮನೆತನದ ಸೇವೆ ಇಲ್ಲಿಗೆ ರದ್ದು ಎಂದು ಸಾರಿದ. ಅಜ್ಜನ ಹೆಸರನ್ನು ಯಾರೂ ಕೂಗಲಿಲ್ಲ, ಅಪ್ಪನ ಹೆಸರನ್ನೂ ಕೂಗಲಿಲ್ಲ.

ಸಮಗಾರನಿಗೆ ನೋವಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕಾಲಿಗೆ ಬೀಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಮೆಟ್ಟನ್ನು ಎತ್ತಿಕೊಂಡ. ಎಲ್ಲರೂ ನೋಡುತ್ತಿದ್ದಂತೆ ಅದೇ ಮೆಟ್ಟಿಲ ಮೇಲೆ ಕುಳಿತು, ಮರಳಿ ಹೋಗುವ ಮೂರು ದಿನದ ದಾರಿಗೆಂದು ಆ ಹೆಂಗಸಿನ ಕಾಲಿಗೆ ಮತ್ತೆ ಕಟ್ಟಿದ. ಈ ಸಲ ಇನ್ನೂ ಬಿಗಿಯಾಗಿ ಗಂಟು ಹಾಕಿದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಆ ವರ್ಷ ದೇವರಿಗೆ ಮೆಟ್ಟೇ ಇರಲಿಲ್ಲವೇ, ಗುರುಗಳೇ?"

"ಇದ್ದದ್ದು ಅದೊಂದೇ ವರ್ಷ" ಎಂದರು ಗುರು.

ಶಿಷ್ಯ ಎದ್ದು, ಎಲೆಯಲ್ಲಿ ಅನ್ನ ಕಟ್ಟಿಕೊಂಡು, ದಾರಿಹೋಕ ಹೋದ ದಿಕ್ಕಿಗೆ ಹೊರಟ.